ಮಣ್ಣೆತ್ತಿಗೆ ಜೋಡಾದ ಮೂಗೊಂಬ

ಸೊಸೆಯ ಪ್ರಾಣಿಯನ್ನು ಬಾವಿಗೆ ಹಾಕಿದವಳು ನಾನೇ. ಸಿಟ್ಟಿಗೆ ಹಾಕಲಿಲ್ಲ, ಕಣ್ಣು ಕಾಣದೆ ಹಾಕಿದೆ. ಮೊದಲನೆಯ ಮಾತನ್ನು ಅವತ್ತೇ ಸಂಜೆ ಒಪ್ಪಿಕೊಂಡೆ. ಎರಡನೆಯದು ಬಾಯಿಗೆ ಬರಲು ಹದಿನೈದು ದಿನ ಹಿಡಿಯಿತು. ನಡೆದದ್ದು ಇಷ್ಟೇ. ಒಲೆಯ ಮೇಲೆ ಹಾಲಿಟ್ಟು ಬಂದವರು ಇಲ್ಲಿಗೇ ಎದ್ದು ಹೋಗಬಹುದು. ಕೂತವರಿಗೆ ಉಳಿದದ್ದನ್ನೂ ಹೇಳುತ್ತೇನೆ.

ಮೊನ್ನೆ ಮಗ ಈರಣ್ಣ ಎರೆಮಣ್ಣಿನ ದೊಡ್ಡ ಮುದ್ದೆಯೊಂದನ್ನು ತಂದು ಪಡಸಾಲೆಯಲ್ಲಿ ಧಪ್ಪನೆ ಇಟ್ಟ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತಲ್ಲ.

"ಯವ್ವಾ, ಈ ಸಲ ಕಣ್ಣ ತೆರದು ಎತ್ತ ಮಾಡು" ಅಂದ.

ಅದೇ ಮುದ್ದೆಯಿಂದ ಒಂದು ತುತ್ತು ಮುರಿದು ಅವನ ಬಾಯಿಗೆ ಇಡೋಣ ಅನ್ನಿಸಿತು. ಆದರೆ ಅವನು ಅಂದದ್ದು ಖರೆ. ಈಗ ಹುಬ್ಬಳ್ಳಿಗೆ ಹೋಗಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದೇನೆ. ಗುಡ್ಡದ ಮೇಲಿನ ಗಾಳಿಪಂಖಗಳು ತಿರುಗುವುದು ಪಡಸಾಲೆಯಿಂದಲೇ ಕಾಣುತ್ತದೆ. ಕಂಡದ್ದರಿಂದಲೇ ಇಷ್ಟು ಬರೆಯುವ ಧೈರ್ಯ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಮಾಸ್ತರರು ಹೊಡೆದರೆಂದು ಬಿಡಲಿಲ್ಲ, ಅವರು ಪಾಪ ಯಾರನ್ನೂ ಹೊಡೆಯುತ್ತಿರಲಿಲ್ಲ. ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಕೈ ಸಾಲದೆ ಬಿಡಿಸಿದರು. ಆಮೇಲೆ ಗಜೇಂದ್ರಗಡದ ಈ ನೇಕಾರ ಓಣಿಗೆ ಸೊಸೆಯಾಗಿ ಬಂದೆ. ಅಂದಿನಿಂದ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕೂತದ್ದು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ಅಕ್ಷತಾ ತಿದ್ದುತ್ತಾಳೆ. ಆರು ವರ್ಷದ ಹುಡುಗಿ ತಿದ್ದಿದ್ದಕ್ಕೆ ಆರು ವರ್ಷದ ಬೆಲೆ ಇರುತ್ತದೆ, ನೋಡಿಕೊಂಡು ಓದಿ.

ಪ್ರಾಣಿ ಅಂದೆನಲ್ಲ, ಅದರ ಕತೆ ಟ್ರಂಕಿನಿಂದ ಶುರುವಾಗಬೇಕು.

ಸೊಸೆ ರೇಣುಕಾ ನರಗುಂದದವಳು. ರೋಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಾಳೆ. ಎಂಟು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಟ್ರಂಕು ಬಿಚ್ಚುವುದನ್ನು ನೋಡಲು ಪಕ್ಕದ ಮನೆಯ ದ್ಯಾಮವ್ವ ಬಂದು ಕೂತಿದ್ದಳು. ಹೊಸ ಸೊಸೆಯ ಟ್ರಂಕು ಬಿಚ್ಚುವಾಗ ದ್ಯಾಮವ್ವ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ. ಮೇಲೆ ಸೀರೆ ಇದ್ದವು. ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟುಗಳು. ಬೆಳ್ಳಿ ಸಾಮಾನೇ ಇರಬೇಕೆಂದು ನಾನೂ ಸ್ವಲ್ಪ ಮುಂದೆ ಸರಿದು ಕೂತೆ. ಸುಳ್ಳು ಯಾಕೆ ಹೇಳಲಿ.

ಮೊದಲ ಗಂಟಿನೊಳಗಿಂದ ಹಲ್ಲು ಕಿಸಿದ ಒಂದು ಮೋರೆ ಹೊರಗೆ ಬಂತು. ಎರಡನೆಯದರಿಂದ ಹಾವಿನಂಥ ಕತ್ತು. ಮೂರನೆಯದಕ್ಕೆ ಬೆನ್ನ ತುಂಬ ಹಂಚು ಹೊದಿಸಿದಂತಿತ್ತು.

"ಏನವಾ ಇವು?" ಅಂದೆ.

"ಡೈನೋಸಾರ್ ರೀ ಅತ್ತಿ."

"ಯಾತರ ಸಾರ ಬೇ ಅದು?" ದ್ಯಾಮವ್ವ ಕಿವಿಗೆ ಕೈ ಹಚ್ಚಿದಳು. "ಹುರಳಿ ಸಾರೋ, ಕಟ್ಟಿನ ಸಾರೋ?"

ಅವತ್ತಿನಿಂದ ಓಣಿಯ ತುಂಬ ನಮ್ಮದು ಸಾರಿನ ಮನೆಯಾಯಿತು. ನನಗೆ ಮಾತ್ರ ನಗು ಬರಲಿಲ್ಲ. ಮೈಮೇಲೆ ಒಂದು ಹಲ್ಲಿ ಬಿದ್ದರೆ ಎಡಗಡೆಗೋ ಬಲಗಡೆಗೋ ಎಂದು ಪಂಚಾಂಗ ಬಿಚ್ಚುವ ಮನೆ ನಮ್ಮದು. ಇಪ್ಪತ್ತೆರಡು ಹಲ್ಲಿ ಒಂದೇ ಟ್ರಂಕಿನಲ್ಲಿ ಬಂದರೆ ಅದಕ್ಕೆ ಯಾವ ಪಂಚಾಂಗ ನೋಡಬೇಕು?

ಇವು ಮಕ್ಕಳಾಡುವ ಸಾಮಾನಲ್ಲ ಎಂದು ಆಕೆ ಅವತ್ತೇ ತಿಳಿಸಿ ಹೇಳಿದಳು. ಮನುಷ್ಯರು ಹುಟ್ಟುವ ಎಷ್ಟೋ ಮೊದಲು ಸತ್ತುಹೋದ ಪ್ರಾಣಿಗಳಂತೆ. ಅವುಗಳ ಎಲುಬನ್ನು ಅಗೆದು ತೆಗೆದು, ಅಳೆದು, ಅದೇ ಅಳತೆಯಲ್ಲಿ ಸಣ್ಣದು ಮಾಡಿ ರಾಳದಂಥದರಲ್ಲಿ ಎರಕ ಹೊಯ್ಯುತ್ತಾರಂತೆ. ಕೆಲವು ಬಣ್ಣ ಹಚ್ಚಿಕೊಂಡು ಬರುತ್ತವೆ, ಕೆಲವು ಬೋಳು ಬರುತ್ತವೆ. ಬೋಳು ಬಂದದ್ದಕ್ಕೆ ಕೊಂಡವರೇ ಬಣ್ಣ ಹಚ್ಚಬೇಕು. ಹೀಗೆ ಕೂಡಿಸಿಡುವವರು ದೇಶದ ತುಂಬ ಇದ್ದಾರಂತೆ, ಫೋನಿನಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ನಮ್ಮ ಹೆಂಗಸರು ನೀರಿನ ನಳದ ಹತ್ತಿರ ಹೊಸ ಸೀರೆ ತೋರಿಸಿಕೊಳ್ಳುವುದಿಲ್ಲವೆ, ಹಾಗೆ. ಸಣ್ಣಾಕೆಯಿದ್ದಾಗ ಜ್ವರ ಬಂದು ದವಾಖಾನೆಯಲ್ಲಿ ಮಲಗಿದ್ದಳಂತೆ. ಅಳು ನಿಲ್ಲಿಸಲಿ ಎಂದು ಅವರಪ್ಪ ಬಸ್‌ಸ್ಟ್ಯಾಂಡಿನಿಂದ ಒಂದು ಪ್ಲಾಸ್ಟಿಕ್ಕಿನದು ತಂದುಕೊಟ್ಟ. ಜ್ವರ ಇಳಿಯಿತು, ಹುಚ್ಚು ಏರಿತು. ಇದು ನನ್ನ ಮಾತು, ಆಕೆಯದಲ್ಲ.

ಪಡಸಾಲೆಯ ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟಳು. ನಾನು ಬ್ಯಾಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಧೂಳು ಒರೆಸುವಾಗಲೆಲ್ಲ ಆಕೆಯ ಕಿವಿಗೆ ಬೀಳುವಂತೆ ಒಂದೊಂದು ಮಾತು ಆಡಿದೆ. "ಮಂದಿ ಮನ್ಯಾಗ ಗಿಳಿ ಸಾಕತಾರ, ನಮ್ಮನ್ಯಾಗ ಹಲ್ಲಿ." "ದನಾ ಸಾಕಿದ್ರ ಹಾಲರ ಬರ್ತಿತ್ತು." ಏಳು ವರ್ಷದಲ್ಲಿ ಇಂಥ ಮಾತು ಎಷ್ಟಾಗಿರಬೇಕು ನೀವೇ ಅಂದಾಜು ಮಾಡಿ. ಒಂದಕ್ಕೂ ಆಕೆ ತಿರುಗಿ ಅನ್ನಲಿಲ್ಲ. ಅತ್ತೆಗೆ ಮಾತಾಡಲು ಬಿಟ್ಟು ತಾನು ಸುಮ್ಮನಿರುವ ಸೊಸೆಯ ಜೊತೆ ಬಾಳುವುದು ಬಹಳ ಕಷ್ಟ. ಜಗಳಕ್ಕೆ ಬಂದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

ಒಂದೇ ಒಂದು ಸಲ ನಾವಿಬ್ಬರೂ ಆ ಪ್ರಾಣಿಗಳ ವಿಷಯಕ್ಕೆ ಸರಿಯಾಗಿ ಮಾತಾಡಿದ್ದೆವು. ಕಳೆದ ವರ್ಷ ಯುಗಾದಿ ಕಳೆದ ಮೇಲೆ ಪಾರ್ಸೆಲ್ಲಿನಲ್ಲಿ ಬೋಳು ಪ್ರಾಣಿಯೊಂದು ಬಂತು. ನಾಲ್ಕು ಗಟ್ಟಿ ಕಾಲು, ತುಂಬಿದ ಹೊಟ್ಟೆ, ಕತ್ತಿನ ಹಿಂದೆ ಮೊರದ ಹಾಗೆ ಎದ್ದ ಎಲುಬು. ಹುಬ್ಬಿನ ಮೇಲೆ ಎರಡು ಕೊಂಬು, ಮೂಗಿನ ಮೇಲೆ ಒಂದು. ಅದರ ಹೆಸರನ್ನು ಅಕ್ಷತಾ ಗಟಗಟ ನೀರು ಕುಡಿದಂತೆ ಹೇಳುತ್ತಾಳೆ, ನನ್ನ ನಾಲಿಗೆ ಹೊರಳುವುದಿಲ್ಲ. ನಾನು ಮೂಗೊಂಬ ಎಂದು ಕರೆದೆ. ಮೂರು ಕೊಂಬಿನದೂ ಹೌದು, ಮೂಗಿಗೆ ಕೊಂಬಿದ್ದದ್ದೂ ಹೌದು. ರೇಣುಕಾ ನಕ್ಕಳು. "ಚಲೋ ಹೆಸರರಿ ಅತ್ತಿ" ಅಂದು ತಾನೂ ಅದನ್ನೇ ಹಿಡಿದಳು.

"ಖರೇ ಇದ್ದಾಗ ಎಷ್ಟ ಇತ್ತವಾ ಇದು?" ಎಂದು ಕೇಳಿದೆ.

"ಇದರ ಮೂವತ್ತೈದು ಪಟ್ಟರಿ. ಮೂಗಿನಿಂದ ಬಾಲದ ತುದೀತನಕ."

ಅಳತೆ ಅಂದರೆ ನೇಕಾರಳ ಕಿವಿ ನೆಟ್ಟಗಾಗುತ್ತದೆ. ಪ್ರಾಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳೆದೆ. ಸರಿಯಾಗಿ ಒಂದು ಗೇಣು. ಮೂವತ್ತೈದು ಗೇಣು ಅಂದರೆ ಹದಿನೇಳೂವರೆ ಮೊಳ. ನಾನು ಉಡುವುದು ಹದಿನೆಂಟು ಮೊಳದ ಸೀರೆ. ಕುಳಿತವಳು ಎದ್ದುಬಿಟ್ಟೆ.

"ಅಕ್ಷತಾ, ಆ ಒಣಹಾಕಿದ ಸೀರಿ ತಾ."

ಮೂವರೂ ಸೇರಿ ಸೀರೆಯನ್ನು ಅಂಗಳದಿಂದ ಓಣಿಗೆ ಉದ್ದಕ್ಕೆ ಹಾಸಿದೆವು. ಸೆರಗು ನಮ್ಮ ಹೊಸ್ತಿಲಲ್ಲಿ, ಇನ್ನೊಂದು ತುದಿ ದ್ಯಾಮವ್ವನ ಕಟ್ಟೆಯ ಹತ್ತಿರ. ಅರ್ಧ ಮೊಳ ಮಡಚಿದೆ. ಇಷ್ಟು ಇತ್ತು ಮೂಗೊಂಬ. ಅಕ್ಷತಾ ಸೀರೆಯ ಪಕ್ಕಕ್ಕೆ ಮೂಗಿನಿಂದ ಬಾಲಕ್ಕೆ, ಬಾಲದಿಂದ ಮೂಗಿಗೆ ಓಡಿದಳು. ದ್ಯಾಮವ್ವ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಇಷ್ಟುದ್ದ ದನಕ್ಕ ಎಷ್ಟ ಹೊರಿ ಮೇವ ಬೇಕಾಗತಿತ್ತ ಶಾಂತಕ್ಕಾ? ಅದಕ್ಕ ಸತ್ತಾವ ಬಿಡು, ಮೇವ ಕಟ್ಟಾಕ ಆಗದ!"

ಅವತ್ತು ಎಲ್ಲರೂ ನಕ್ಕೆವು. ಮರುದಿನ ನಾನು ಮತ್ತೆ ಹಲ್ಲಿ ಅಂದೆ. ನಾಲಿಗೆಗೆ ರೂಢಿ ಬಿದ್ದದ್ದು ಒಂದು ದಿನದಲ್ಲಿ ಬಿಡುವುದಿಲ್ಲ.

ಮಣ್ಣಿನ ಪ್ರಾಣಿಯ ಹುಚ್ಚು ನನಗೂ ಇತ್ತು ಎನ್ನುವುದನ್ನು ಆಕೆಗೆ ಆಗ ಹೇಳಿರಲಿಲ್ಲ. ನನ್ನ ತವರು ಮೆಣಸಗಿ. ಹೊಳೆಯ ಊರು. ಮಲಪ್ರಭೆ ಏರಿ ಬಂದರೆ ಮನೆ ಬಿಟ್ಟು ಓಡುವುದು, ಇಳಿದು ಹೋದರೆ ಅದೇ ಹೊಳೆಯ ಮಣ್ಣಿನಿಂದ ಗೋಡೆ ಮೆತ್ತುವುದು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಆಯಿ ಎತ್ತು ಮಾಡುತ್ತಿದ್ದಳು. ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಮಣ್ಣಿಗೆ ಅರಳೆಯ ಚೂರು ಸೇರಿಸಿ ಹದವಾಗಿ ಮಿದ್ದುವುದು ಆಕೆಯ ಕೈ ಗುಟ್ಟು. ಅಂಥ ಎತ್ತು ಬೇಗ ಬಿರಿಯುವುದಿಲ್ಲ. ಮೊದಲು ಹೊಟ್ಟೆ, ಆಮೇಲೆ ಕಾಲು, ಆಮೇಲೆ ಬೆನ್ನ ಮೇಲೆ ಉಬ್ಬಿದ ಹಿಣಿಲು, ಕೊನೆಗೆ ಕೊಂಬು. ಕಣ್ಣಿಗೆ ಗುಲಗಂಜಿ, ಕೋಡಿಗೆ ಕುಸುಬಿ ಕಾಳು. ಪೂಜೆ ಮಾಡಿ, ಕರಿಗಡಬು ತೋರಿಸಿ, ಸಂಜೆಗೆ ಒಯ್ದು ಹೊಳೆಗೆ ಬಿಡುವುದು. ಯಾರ ಎತ್ತು ಮೊದಲು ಕರಗುತ್ತದೆ ಎಂದು ಹುಡುಗರೆಲ್ಲ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆವು.

ಒಂದು ವರ್ಷ ನಾನು ನನ್ನ ಎತ್ತನ್ನು ಬಿಡಲಿಲ್ಲ. ಒಂದು ಕಿವಿ ಸೊಟ್ಟಗಿದ್ದ ಎತ್ತು, ಬಹಳ ಪ್ರೀತಿ ಬಂದುಬಿಟ್ಟಿತ್ತು. ಉಡಿಯಲ್ಲಿ ಮುಚ್ಚಿಕೊಂಡು ಬಂದು ಜೋಳ ತುಂಬಿಡುವ ಗಳಗಿಯ ಹಿಂದೆ ಬಚ್ಚಿಟ್ಟೆ. ದಿನಾ ಹೋಗಿ ಎರಡು ಕಾಳು ತಿನ್ನಿಸುತ್ತಿದ್ದೆ. ಇಲಿ ತಿಂದರೆ ಎತ್ತೇ ತಿಂದಿತೆಂದು ಹಿಗ್ಗು. ನಾಲ್ಕನೆಯ ದಿನ ಆಯಿಯ ಕೈಗೆ ಸಿಕ್ಕಿತು. ಆಕೆ ಹೊಡೆಯಲಿಲ್ಲ. ಎತ್ತನ್ನು ಒಯ್ದು ಹೊಳೆಗೆ ಬಿಟ್ಟು ಬಂದಳು, ಅಷ್ಟೇ. ನಾನು ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಇಷ್ಟೆಲ್ಲ ತಿಳಿದಿದ್ದ ನಾನು ಸೊಸೆಯ ಗೂಡನ್ನು ನೋಡಿ ಹಲ್ಲಿ ಅನ್ನುತ್ತಿದ್ದೆ. ಮನುಷ್ಯರಿಗೆ ವಯಸ್ಸಾದಂತೆ ಬುದ್ಧಿ ಬಲಿಯುತ್ತದೆ ಎಂದವರು ಯಾರೋ, ಅವರು ನನ್ನನ್ನು ನೋಡಿಲ್ಲ.

ಇನ್ನು ಕಣ್ಣಿನ ಮಾತು.

ಕಣ್ಣಿಗೆ ಪೊರೆ ಬಂದು ಆಗಲೇ ಎರಡು ವರ್ಷವಾಗಿತ್ತು. ಮೊದಮೊದಲು ಸೀಮೆಎಣ್ಣೆಯ ಬುಡ್ಡಿಗೆ ಮಸಿ ಹಿಡಿದಂತೆ. ಬರಬರುತ್ತ ಎಲ್ಲರೂ ಹೊಗೆಯೊಳಗೆ ಓಡಾಡತೊಡಗಿದರು. ಮಗ್ಗದಲ್ಲಿ ಕಡಿದ ಎಳೆಯನ್ನು ಬೆರಳಿನಿಂದಲೇ ಹುಡುಕಿ ಗಂಟು ಹಾಕುತ್ತಿದ್ದೆ. ಪಟ್ಟೇದಂಚಿನ ಸೀರೆಯ ಚೌಕಳಿಯನ್ನು ಎಳೆ ಎಣಿಸಿಯೇ ಹಾಕಬೇಕು, ಎಣಿಕೆಗೆ ಕಣ್ಣು ಬೇಡ. ಬಣ್ಣದ ಕಂಡಿಕೆಗಳನ್ನು ಯಾವ ಡಬ್ಬಿಯಲ್ಲಿ ಯಾವುದೆಂದು ಗುರುತಿಟ್ಟುಕೊಂಡು ದಾಟಿಸುತ್ತಿದ್ದೆ. ಒಮ್ಮೆ ಗೂಡಿನ ಅಂಚಿಗಿದ್ದ ಉದ್ದ ಕತ್ತಿನದನ್ನು ಖರೇ ಹಲ್ಲಿ ಎಂದು ಕಸಬರಿಗೆಯಿಂದ ಬಡಿದೆ. ಅಕ್ಷತಾ ಬಿದ್ದು ಬಿದ್ದು ನಕ್ಕಳು. ರೇಣುಕಾ ನಗಲಿಲ್ಲ. ಸುಮ್ಮನೆ ಅದರ ಬಾಲದ ತುದಿಯನ್ನು ಹುಡುಕಿ ಅಂಟಿಸಿದಳು.

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ನನ್ನ ಅತ್ತೆಗೂ ಹೀಗೇ ಕಣ್ಣು ಹೋಗಿತ್ತು. ಒಂದು ದಿನ ಆಕೆ "ನನಗ ಎಳಿ ಕಾಣವಲ್ದವಾ" ಅಂದಳು. ಮರುದಿನದಿಂದ ಆಕೆಯ ಮಗ್ಗಕ್ಕೆ ಬೇರೆಯವರು ಕೂತರು. ಆಕೆಯನ್ನು ಮಾಳಿಗೆಯ ಮೇಲೆ ಕೋಲು ಕೊಟ್ಟು ಸಂಡಿಗೆ ಕಾಯಲು ಕೂರಿಸಿದರು. ಸಾಯುವ ತನಕ ಕಾದಳು. ಕೂರಿಸಿದವರು ಯಾರು ಎಂದರೆ, ನಾನು. ಮಗ್ಗಕ್ಕೆ ಕೂತವಳೂ ನಾನೇ. ಕಾಗೆ ಓಡಿಸಲು ಆಕೆ ಹುಶ್ ಹುಶ್ ಅನ್ನುವುದು ಕುಣಿಯೊಳಗೆ ನನ್ನ ಕಿವಿಗೆ ಬೀಳುತ್ತಿತ್ತು. ಕಾಗೆ ಇಲ್ಲದಾಗಲೂ ಅನ್ನುತ್ತಿದ್ದಳು. ಆ ಹುಶ್ ಈಗ ನನ್ನ ಪಾಳಿಗೆ ಬರುತ್ತದೆ ಎಂದು ಅಂಜಿ ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ವರ್ಷದ ಅಮಾವಾಸ್ಯೆಗೆ ಎಂಟು ದಿನವಿದ್ದಾಗ ರೇಣುಕಾ ಮಗ್ಗದ ಹತ್ತಿರ ಬಂದು ನಿಂತಳು.

"ಅತ್ತಿ, ನಿಮ್ಮ ಪಟ್ಟೇದಂಚಿನ ಹಳದಿ ಎಳಿ ಒಂದೀಟ ಬೇಕಿತ್ತರಿ. ಗೇಣುದ್ದ ಸಾಕು."

"ಹಲ್ಲಿಗೆ ಉಡದಾರ ಕಟ್ಟತೀಯೇನ?" ಎಂದು ಡಬ್ಬಿಗೆ ಕೈಹಾಕಿ ಒಂದು ಎಳೆ ಕಡಿದುಕೊಟ್ಟೆ. ಆಕೆ "ಅತ್ತಿ" ಎಂದು ಏನೋ ಅನ್ನಲು ಹೋಗಿ ಬಿಟ್ಟಳು. ನನಗೆ ಆಕೆಯ ಮುಖ ಕಾಣಲಿಲ್ಲ, ತಿರುಗಿ ಹೋದ ಕಾಲಿನ ಸಪ್ಪಳ ಮಾತ್ರ ಕೇಳಿತು.

ಅಮಾವಾಸ್ಯೆಯ ದಿನ ನಸುಕಿನಲ್ಲೇ ಎದ್ದು ಮಣ್ಣಿಗೆ ಕೂತೆ. ಐದು ಮನೆಗೆ ಐದು ಜೋಡಿ, ಹತ್ತು ಎತ್ತು. ನಾನು ಮಾಡುವ ಎತ್ತು ಗೇಣುದ್ದ ಇರುತ್ತದೆ, ಅದಕ್ಕೇ ಓಣಿಯವರು ನನ್ನ ಕೈಯ ಎತ್ತೇ ಬೇಕೆನ್ನುತ್ತಾರೆ. ಮಾಡಿ ಮಾಡಿ ಅಂಗಳದ ಹಲಗೆಯ ಮೇಲೆ ಬಿಸಿಲಿಗೆ ಇಟ್ಟೆ. ಒಂದರ ಹೊಟ್ಟೆ ಬಿರಿಯಿತೆಂದು ಮುರಿದು ಮುದ್ದೆ ಮಾಡಿದೆ, ಬದಲಿ ಮಾಡುವುದನ್ನು ಮರೆತೆ. ಅತ್ತ ರೇಣುಕಾ ಸಾಲೆಗೆ ಹೋಗುವ ಅವಸರದಲ್ಲಿ ಮೂಗೊಂಬನಿಗೆ ಮೊದಲ ಬಣ್ಣ ಬಳಿದಿದ್ದಳು. ಮೇಲಿನ ಬಣ್ಣ ಹಿಡಿಯಲಿ ಎಂದು ಕೆಳಗೆ ಹಚ್ಚುವ ಬಣ್ಣವಂತೆ, ಕಪ್ಪು ಬೂದಿಯದು, ಹಸಿ ಎರೆಮಣ್ಣಿನದೇ ಬಣ್ಣ. ಬಿಸಿಲು ಬೀಳುವ ಜಾಗ ಅಂಗಳದಲ್ಲಿ ಅದೊಂದೇ. ಹಲಗೆಯ ಮೂಲೆಗೆ ಇಟ್ಟು ಬಸ್ಸಿಗೆ ಓಡಿದಳು.

ಮಧ್ಯಾಹ್ನ ಎಣಿಸಿದೆ. ಹತ್ತು ಇದ್ದವು.

ಎಂಟನ್ನು ನಾಲ್ಕು ಮನೆಯವರು ಒಯ್ದರು. ನಮಗೆ ಉಳಿದ ಜೋಡಿಯ ಕಣ್ಣಿಗೆ ಗುಲಗಂಜಿ ಒತ್ತಲು ಕೂತರೆ ಒಂದು ಎತ್ತಿನ ಮೋರೆಯೊಳಗೆ ಗುಲಗಂಜಿ ಇಳಿಯದು. ಬಿಸಿಲಿಗೆ ಬಹಳ ಗಟ್ಟಿಯಾಗಿದೆ ಅಂದುಕೊಂಡೆ. ಹಿಣಿಲು ಸ್ವಲ್ಪ ಮುಂದೆ ಬಂದು ಅಗಲವಾಗಿತ್ತು, ಕೈ ತಪ್ಪಿದೆ ಅಂದುಕೊಂಡೆ. ಮೂಗಿನ ಮೇಲಿನ ಗುಬುಟು ಬೆರಳಿಗೆ ಹತ್ತಿತು, ಮಣ್ಣು ಮೆತ್ತಿಕೊಂಡಿದೆ ಅಂದುಕೊಂಡೆ. ತಪ್ಪು ಕೈಯದೆಂದು ಒಪ್ಪಲು ಮನಸ್ಸು ತಯಾರಿತ್ತು, ಕಣ್ಣಿನದೆಂದು ಒಪ್ಪಲು ಇರಲಿಲ್ಲ. ಹಸಿಮಣ್ಣು ಹಚ್ಚಿ ಮೇಲೆ ಗುಲಗಂಜಿ ಅಂಟಿಸಿಬಿಟ್ಟೆ.

ಅಕ್ಷತಾ ಬಂದು ಪಕ್ಕಕ್ಕೆ ಕೂತಳು. "ಆಯಿ, ಇದೂ ಎತ್ತೇನು?"

"ಎತ್ತಲ್ಲದ ಮತ್ತೇನ, ಕತ್ತಿಯೇನು?"

ಹುಡುಗಿಗೆ ಬಹಳ ಖುಷಿಯಾಯಿತು. ಅಮ್ಮನ ಮೂಗೊಂಬನಿಗೂ ಆಯಿ ಹಬ್ಬ ಮಾಡುತ್ತಿದ್ದಾಳೆ ಎಂದು ತಿಳಿದಿದ್ದಾಳೆ. ತಾನೇ ಎರಡೂ ಕೋಡಿಗೆ ಕುಸುಬಿ ಕಾಳು ಅಂಟಿಸಿದಳು, ಕರಿಗಡಬನ್ನು ಎರಡರ ಬಾಯಿಗೂ ತಾಗಿಸಿದಳು. ಸಂಜೆ ಈರಣ್ಣ ಅಂಗಡಿಯಲ್ಲಿದ್ದ. ನಾವಿಬ್ಬರೇ ತಟ್ಟೆ ಹಿಡಿದು ಓಣಿಯ ಹಿಂದಿನ ಪಾವಟಿಗೆ ಬಾವಿಗೆ ಹೋದೆವು. ಹದಿನೆಂಟು ಮೆಟ್ಟಿಲು, ಕಾಲಿಗೆ ಬಾಯಿಪಾಠ. ಕೊನೆಯ ಮೆಟ್ಟಿಲಿನಲ್ಲಿ ಕೂತು ಜೋಡಿಯನ್ನು ನೀರಿಗೆ ಬಿಟ್ಟೆ. ಒಂದು ಮೆಲ್ಲಗೆ ಇಳಿಯಿತು, ಒಂದು ಬುಡುಕ್ಕನೆ ಮುಳುಗಿತು.

ರೇಣುಕಾ ಬಸ್ಸಿಳಿದು ಬಂದು ಚೀಲವನ್ನೂ ಕೆಳಗಿಡದೆ ಹಲಗೆ ನೋಡಿದಳು.

"ಅತ್ತಿ, ಇಲ್ಲೆ ಮೂಗೊಂಬನ್ನ ಒಣಗಾಕ ಇಟ್ಟಿದ್ದೆ. ಎಲ್ಲೆ ತಗದಿಟ್ಟೀರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಷತಾ ಕುಣಿಯುತ್ತ ಹೇಳಿದಳು. "ಅಮ್ಮಾ, ಆಯಿ ಅದಕ್ಕ ಎತ್ತಿನ ಜೋಡಿ ಪೂಜಾ ಮಾಡಿದ್ಲು. ಕಡಬ ತಿನ್ನಿಸಿದ್ವಿ. ಆಮ್ಯಾಲ ಬಾವ್ಯಾಗ ಬಿಟ್ಟ ಬಂದ್ವಿ!"

ಇಳಿಯದ ಗುಲಗಂಜಿ, ಮೂಗಿನ ಗುಬುಟು, ಬುಡುಕ್ಕೆಂದ ಸಪ್ಪಳ, ಎಲ್ಲ ಒಮ್ಮೆಲೇ ತಿಳಿಯಿತು. ಆಗ ಹೇಳಬೇಕಿದ್ದದ್ದು ಒಂದೇ ಮಾತು. ಆ ಮಾತಿನ ಹಿಂದೆ ಸಂಡಿಗೆಯ ಕೋಲು ಕಂಡಿತು. ಬಾಯಿಂದ ಬಂದದ್ದು ಬೇರೆ.

"ಹೌದು, ಬಿಟ್ಟೆ. ಹಬ್ಬದ ದಿನಾ ಎತ್ತಿನ ಹಲಗಿ ಮ್ಯಾಲ ಹಲ್ಲಿ ಯಾಕ ಇಟ್ಟಿದ್ದಿ?"

ಆಕೆ "ತಪ್ಪಾತ್ರಿ" ಅಂದು ಒಳಗೆ ಹೋದಳು.

ಈರಣ್ಣ ಬಂದವನು ಗರಂ ಆದ. "ಏನ್ ಮಾಡಿದಿ ಯವ್ವಾ? ತಡಿ, ನಾ ಇಳದು ತಗೊಂಬರ್ತೀನಿ" ಎಂದು ಹೊರಟ.

"ಗಂಗವ್ವಗ ಕೊಟ್ಟದ್ದನ್ನ ತಿರುಗಿ ತರ್ತಾರೇನೋ?" ಅಂದೆ. ಒಂದು ಸುಳ್ಳಿಗೆ ದೇವರನ್ನೂ ಸಾಕ್ಷಿ ಹಾಕಿದಂತಾಯಿತು.

ಒಳಗಿಂದ ರೇಣುಕಾ ಅಂದಳು: "ಬಿಡ್ರಿ. ಅತ್ತಿ ಹೇಳೂದು ಖರೇ ಐತಿ."

ಆಮೇಲಿನ ಹದಿನೈದು ದಿನ ಮನೆಯಲ್ಲಿ ಜಗಳವೇನೂ ಇರಲಿಲ್ಲ. ಬಿಸಿ ರೊಟ್ಟಿ ನನ್ನ ತಾಟಿಗೇ ಮೊದಲು ಬೀಳುತ್ತಿತ್ತು. "ಊಟಾ ಮಾಡ್ರಿ", "ಗುಳಿಗಿ ತಗೊಂಡ್ರೇನ್ರಿ", ಅಷ್ಟೇ ಮಾತು. ಬಣ್ಣದ ಡಬ್ಬಿ ತೆರೆಯುವ ಟಕ್ ಎಂಬ ಸದ್ದು ಸಂಜೆ ಕೇಳುತ್ತಿತ್ತಲ್ಲ, ಅದು ನಿಂತಿತು. ಅದನ್ನು ನಾನು ಇಷ್ಟು ದಿನ ಕಿವಿಗೊಟ್ಟು ಕೇಳುತ್ತಿದ್ದೆ ಎಂದು ನಿಂತ ಮೇಲೆ ಗೊತ್ತಾಯಿತು.

ಒಂದು ಭಾನುವಾರ ಮಧ್ಯಾಹ್ನ ಮಗ್ಗದೊಳಗೆ ಕೂತಿದ್ದೆ. ಪಡಸಾಲೆಯಿಂದ ಪೇಪರು ಚರಚರ ಮಡಚುವ ಸಪ್ಪಳ ಬಂತು.

"ಅಮ್ಮಾ, ಇವೆಲ್ಲಾ ಎಲ್ಲಿಗೆ ಹೊಂಟಾವು?" ಅಕ್ಷತಾಳ ದನಿ.

"ಅಜ್ಜಾರ ಮನಿಗಿ, ನರಗುಂದಕ್ಕ."

"ತಿರುಗಿ ಯಾವಾಗ ಬರ್ತಾವು?"

"ಬರೂದಿಲ್ಲವಾ. ಇಲ್ಲೆ ಅವಕ್ಕ ಜಾಗಾ ಇಲ್ಲ."

ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು. ಏಳು ವರ್ಷ ಗೂಡಿನಲ್ಲಿದ್ದವು. ಜಾಗ ಇದ್ದೇ ಇತ್ತು. ಗಳಗಿಯ ಹಿಂದೆ ಎತ್ತಿಗೆ ಕಾಳು ತಿನ್ನಿಸುವ ಹುಡುಗಿಯನ್ನು ಹಿಡಿದುಹಾಕಿದ ಆಯಿ ಈಗ ನಾನೇ ಆಗಿದ್ದೆ. ನಮ್ಮ ಆಯಿಗಾದರೂ ತಾನು ಏನು ಮಾಡುತ್ತಿದ್ದೇನೆಂದು ಕಣ್ಣಿಗೆ ಕಾಣುತ್ತಿತ್ತು. ಕುಣಿಯಿಂದ ಮೇಲೆ ಬಂದೆ. ಗೋಡೆ ಹಿಡಿದು ಪಡಸಾಲೆಗೆ ಹೋದೆ.

"ರೇಣುಕಾ."

"ಏನ್ರಿ ಅತ್ತಿ?"

"ನನಗ ಕಣ್ಣ ಕಾಣೂದಿಲ್ಲ."

ಪೇಪರಿನ ಸಪ್ಪಳ ನಿಂತಿತು.

"ಎರಡ ವರ್ಷ ಆತು. ನೀ ಈಗ ನಕ್ಕೊಂತ ಕುಂತೀಯೋ ಅಳಕೋಂತ ಕುಂತೀಯೋ ಅದೂ ತಿಳಿಯೂದಿಲ್ಲ. ಅವತ್ತ ಎತ್ತಂತ ತಿಳದ ಬಿಟ್ಟೆ. ಹಲ್ಲಿ ಅಂತ ತಿಳದ ಬಿಡಲಿಲ್ಲ."

ಆಕೆ ಎದ್ದು ಹೋಗಿ ಬಣ್ಣದ ಡಬ್ಬಿ ತೆರೆದಳು. ಆ ಟಕ್ ಸದ್ದು. ಬಂದು ನನ್ನ ಅಂಗೈ ಮೇಲೆ ಒಂದು ಎಳೆ ಇಟ್ಟಳು.

"ಇದು ಯಾವ ಬಣ್ಣರಿ ಅತ್ತಿ?"

"ಹಳದಿ. ನಾನ ಕೊಟ್ಟದ್ದು."

"ಬಿಳೀದರಿ. ಹಳದಿ ಕೇಳಿದ್ರ ಬಿಳೀ ಎಳಿ ಕೊಟ್ರಿ. ನನ್ನ ಚಾಷ್ಟಿ ಮಾಡಿದ್ರಿ ಅಂತ ತಿಳಕೊಂಡಿದ್ದೆ. ಕಸಬರಗಿಲೆ ಹೊಡದದ್ದೂ ಬೇಕಂತನ ಹೊಡದ್ರಿ ಅಂತ ತಿಳಕೊಂಡಿದ್ದೆ. ಬಾವಿಗೆ ಹಾಕಿದ್ದಂತೂ..." ಅಲ್ಲಿಗೆ ನಿಲ್ಲಿಸಿ ಮೂಗೊರೆಸಿಕೊಂಡಳು.

"ಹಳದಿ ಎಳಿ ನಿನಗ್ಯಾಕ ಬೇಕಿತ್ತು?"

"ಬಣ್ಣಾ ಹೊಂದಸಾಕರಿ. ಮೂಗೊಂಬ ಯಾವ ಬಣ್ಣಕ್ಕಿತ್ತಂತ ಯಾರೂ ನೋಡಿಲ್ಲರಿ ಅತ್ತಿ. ಎಲುಬು ಸಿಕ್ಕಾವು, ಬಣ್ಣ ಸಿಕ್ಕಿಲ್ಲ. ಹಚ್ಚಾವರು ತಮಗ ಸೇರಿದ್ದ ಹಚ್ಚತಾರ. ಅವತ್ತ ಓಣ್ಯಾಗ ಸೀರಿ ಹಾಸಿದ್ರಲ್ಲ? ಇದಕ್ಕ ಅತ್ತೀ ಸೀರೀ ಬಣ್ಣಾನ ಹಚ್ಚೋಣು ಅಂತ ಮಾಡಿದ್ದೆ. ಹಳದಿ ಮೈ, ಕೆಂಪ ಅಂಚು. ಮಾಡಿ ಮುಗಿಸಿ ನಿಮಗ ತೋರಸಬೇಕಂತ."

ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡೆ. ಕೊನೆಗೆ ಅಂಜಿಕೆಯೇ ಬಾಯಿಗೆ ಬಂತು.

"ಈರಣ್ಣಗ ಹೇಳು, ದವಾಖಾನಿಗೆ ಬರ್ತೀನಿ. ಆದ್ರ ನನ್ನ ಮಾಳಗಿ ಮ್ಯಾಲ ಸಂಡಿಗಿ ಕಾಯಾಕ ಕುಂದರಸಬ್ಯಾಡ."

"ಅತ್ತಿ, ಸಂಡಿಗಿ ಕಾಯಾಕರ ಕಣ್ಣ ಬ್ಯಾಡೇನ್ರಿ? ಕಾಗಿ ಕಾಣಬೇಕಲ್ಲ! ನಿಮ್ಮನ್ನ ಕುಂದರಿಸಿದ್ರ ಕಾಗೀಗೆ ಕರದ ನೀಡತೀರಿ."

ಏಳು ವರ್ಷದಲ್ಲಿ ಆಕೆ ನನಗೆ ತಿರುಗಿ ಆಡಿದ ಮೊದಲ ಮಾತು ಅದು. ಎಷ್ಟು ಹಗುರಾಯಿತು ಅಂತೀರಿ. ಅಕ್ಷತಾ ಯಾರೂ ಹೇಳದೆಯೇ ಪೇಪರು ಬಿಚ್ಚಿ ಒಂದೊಂದನ್ನೇ ಗೂಡಿಗೆ ಏರಿಸತೊಡಗಿದಳು. ಗೂಡಿನ ನಡುವೆ ಒಂದು ಗೇಣು ಜಾಗವನ್ನು ಖಾಲಿ ಬಿಟ್ಟಳು.

ಮರುದಿನ ಬೆಳಿಗ್ಗೆ ನಳದ ನೀರು ಬರುವ ಮೊದಲೇ ಎದ್ದು ಬಾವಿಗೆ ಹೋದೆ. ರೇಣುಕಾ ಹಿಂದೆ ಓಡಿ ಬಂದಳು.

"ಅತ್ತಿ, ಗಂಗವ್ವಗ ಕೊಟ್ಟದ್ದು ಅಂದಿದ್ರಿ..."

"ಗಂಗವ್ವಗ ನಾ ಎತ್ತ ಕೊಟ್ಟೇನಿ. ಇದನ್ನ ಕೊಟ್ಟಿಲ್ಲ. ಇದು ವಿಳಾಸ ತಪ್ಪಿ ಬಂದೈತಿ, ಆಕೀಗೂ ಗೊತ್ತೈತಿ."

"ಹಂಗಾದ್ರ ನಾ ಇಳೀತೀನ್ರಿ. ನಿಮಗ ಕಾಣೂದಿಲ್ಲ."

"ಕೆಸರಾಗ ಕಣ್ಣಿಂದ ಏನ್ ಕೆಲಸ? ನೀ ನನ್ನ ರಟ್ಟಿ ಹಿಡಿ."

ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕೊನೆಯ ಮೆಟ್ಟಿಲಿನ ಕೆಳಗೆ ನೀರು ತೊಡೆಯುದ್ದ. ಸೀರೆಯ ಕಚ್ಚೆ ಬಿಗಿದು ಇಳಿದೆ. ಒಂದು ರಟ್ಟೆ ಆಕೆಯ ಕೈಯಲ್ಲಿ, ಇನ್ನೊಂದು ಕೈ ನೀರೊಳಗೆ. ಮೇಲಿನಿಂದ ದ್ಯಾಮವ್ವನ ಕೊಡ ಬಾವಿಯ ಕಟ್ಟೆಗೆ ತಾಗಿದ ಸದ್ದಾಯಿತು.

"ಏ ಶಾಂತಕ್ಕಾ! ಹೊತ್ತ ಹುಟ್ಟೂದ್ರಾಗ ಬಾವ್ಯಾಗ ಏನ್ ಹುಡುಕಾಕತ್ತೀರಿ ಅತ್ತಿ ಸೊಸಿ?"

"ಸಾರು!" ಅಂದೆ.

ಬೆರಳನ್ನು ಕೆಸರಿಗಿಳಿಸಿದೆ. ಓಣಿಯ ಅಷ್ಟೂ ಮನೆಯ ಎತ್ತುಗಳು ಅಲ್ಲಿ ಕರಗಿ ಮೆತ್ತಗೆ ಮಲಗಿದ್ದವು. ನನ್ನ ಕೈಯ ಮಣ್ಣು ನನಗೆ ಗುರುತು ಸಿಕ್ಕಿತು, ಅರಳೆಯ ಚೂರು ಬೆರಳಿಗೆ ಸುತ್ತಿಕೊಂಡಿತು. ಒಂದು ಗುಲಗಂಜಿ ಸಿಕ್ಕಿತು. ಇನ್ನೊಂದು ಸಿಕ್ಕಿತು. ಇನ್ನೂ ಸ್ವಲ್ಪ ಆಚೆ ಕೈ ಚಾಚಿದೆ. ಏನೋ ಚುಚ್ಚಿತು.

ಮೇಲೆತ್ತಿ ನೀರಿನಲ್ಲಿ ಅಲುಗಿಸಿ ತೊಳೆದೆ. ಎರಡು ಹುಬ್ಬಿನ ಮೇಲೆ, ಒಂದು ಮೂಗಿನ ಮೇಲೆ. ಬೆರಳು ಆಗಲೇ ಎಣಿಸಿ ಮುಗಿಸಿತ್ತು. ಆದರೂ ಅದನ್ನು ಆಕೆಯ ಕೈಗೆ ಕೊಟ್ಟು ಕೇಳಿದೆ:

"ಮೂರೂ ಕೊಂಬ ಅದಾವೇನ ನೋಡವಾ. ನನಗ ಕಾಣೂದಿಲ್ಲ."